ದಾರಿಯ ಉದ್ದ

ಕಾರವಾರದ ಆಸ್ಪತ್ರೆಯ ಮೂರನೇ ಮಾಳಿಗೆಯಲ್ಲಿ
ಒಂದು ಬೆನ್ನು ಇದೆ. ಬರೀ ಬೆನ್ನು.
ತಲೆಯಿಲ್ಲ, ಕಾಲಿಲ್ಲ, ಹೆಸರಿಲ್ಲ,
ಬೆವರೂ ಇಲ್ಲ. ರಬ್ಬರಿನದು.
ಚುಚ್ಚಿ ಚುಚ್ಚಿ ಸೊಂಟದ ಹತ್ತಿರ
ನೀರ್ದೋಸೆಯ ಹಾಗೆ ತೂತು ಬಿದ್ದಿದೆ.
ಆಚೆ ಸಮುದ್ರ. ಕಿಟಕಿ ತೆರೆದರೆ ಉಪ್ಪು ಒಳಗೆ ಬಂದು
ತಂತಿಗೆ ತುಕ್ಕು ಹಿಡಿಸುತ್ತದೆ,
ಅದಕ್ಕೆ ತೆರೆಯುವುದಿಲ್ಲ.

ನನ್ನ ಕೆಲಸ ಸಣ್ಣದು.
ಕಲಿಯಲು ಬಂದವರ ತೋರುಬೆರಳಿಗೆ, ಮಣಿಕಟ್ಟಿಗೆ
ಅವರೆಕಾಳಿನಷ್ಟು ಸೆನ್ಸರು ಅಂಟಿಸುವುದು,
ಎರಡು ಕ್ಯಾಮೆರಾದ ಕಣ್ಣು ತೆರೆಯುವುದು,
"ಹೂಂ, ಶುರು ಮಾಡಿ" ಅನ್ನುವುದು.
ಉಳಿದದ್ದು ಪರದೆ ನೋಡಿಕೊಳ್ಳುತ್ತದೆ:
ಕೈ ಎಷ್ಟು ದೂರ ನಡೆಯಿತು,
ಎಷ್ಟು ಸಲ ಹೊರಟಿತು, ಎಲ್ಲಿ ಬೆಚ್ಚಿತು,
ಎಲ್ಲಿ ಸುಮ್ಮನೆ ನಿಂತಿತು.

ಅರಿಯದ ಕೈ ಬಹಳ ತಿರುಗುತ್ತದೆ.
ಟ್ರೇಗೆ ಹೋಗುತ್ತದೆ, ಏನೂ ತರದೆ ಬರುತ್ತದೆ,
ಹತ್ತಿ ಎತ್ತಿ, ಇಟ್ಟು, ಮತ್ತೆ ಎತ್ತುತ್ತದೆ,
ಸೂಜಿಯ ತುದಿ ಗಾಳಿಯಲ್ಲಿ ವಿಳಾಸ ಕೇಳುತ್ತದೆ.
ಆಗ ಪರದೆಯ ಮೇಲೆ ಮೂಡುವ ಗೆರೆ
ಬೈತಖೋಲಿನ ದಕ್ಕೆಯಲ್ಲಿ
ಬೆಕ್ಕು ಎಳೆದಾಡಿದ ನೈಲಾನು ಬಲೆ.
ಡಾಕ್ಟರ್ ಪೆಡ್ನೇಕರರದು ಬೇರೆ. ಅರವತ್ತೆರಡು ವಯಸ್ಸು,
ಬೆರಳು ಸಣ್ಣಗೆ ನಡುಗುತ್ತದೆ, ನಡುಕವೂ ಗೆರೆಯಲ್ಲಿ ಬಿದ್ದಿದೆ;
ಆದರೂ ಒಟ್ಟು ನಾಲ್ಕು ಮೀಟರು.
ಹೋದರು, ಮುಟ್ಟಿದರು, ಬಂದರು,
ಕೋಡಿಬಾಗದಿಂದ ಪೇಟೆಗೆ ಹೋಗಿ
ಉಪ್ಪು ಮಾತ್ರ ತಂದವರ ಹಾಗೆ.

ವಿಶಾಖಾ ದುರ್ಗೇಕರ, ಮೊದಲ ದಿನ,
ಹತ್ತೊಂಬತ್ತು ಮೀಟರು.
"ಇಷ್ಟರಲ್ಲಿ ಸಮುದ್ರಕ್ಕೇ ಹೋಗಿ ಬರಬಹುದಿತ್ತು"
ಎಂದು ತಾನೇ ನಕ್ಕಳು. ಗ್ಲೌಸು ಕಳಚುವಾಗ
ಕೈ ಒದ್ದೆ.
ಮೂರನೇ ವಾರಕ್ಕೆ ಏಳು.
ಆದರೆ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೆಂಪು ಚುಕ್ಕೆ:
ಹೆಬ್ಬೆರಳು ಎಲುಬಿನ ಸಂದಿಯ ಮೇಲೆ,
ಸೂಜಿ ಇನ್ನೂ ಎತ್ತಿಲ್ಲ,
ನಾಲ್ಕು ಸೆಕೆಂಡು ಚಲನೆ ಸೊನ್ನೆ.
ಯಂತ್ರ ಅದನ್ನು ಹಿಂಜರಿಕೆ ಅನ್ನುತ್ತದೆ,
ಅಂಕ ಕಳೆಯುತ್ತದೆ.

ಕೇಳಿದೆ. ಎಂತಕ್ಕೆ ನಿಲ್ಲುವುದು ಅಲ್ಲಿ?
ಸ್ವಲ್ಪ ಹೊತ್ತು ಆ ಬೆನ್ನನ್ನೇ ನೋಡಿದಳು.
"ಕಾಳಿ ಹೊಳೆಯ ಇಳಿತದಲ್ಲಿ ಅಜ್ಜಿಯ ಸಂಗಡ
ಬಳಚು ಹೆಕ್ಕಲು ಹೋಗುತ್ತಿದ್ದೆ ಸರ್.
ಕೆಸರು ನೀರು, ಕಣ್ಣಿಗೆ ಏನೂ ಕಾಣದು.
ಅಂಗಾಲಿಗೆ ಚಿಪ್ಪು ತಾಗಿದ ಮೇಲೂ
ಅಜ್ಜಿ ಬಗ್ಗಲು ಬಿಡುತ್ತಿರಲಿಲ್ಲ.
ನಿಲ್ಲು, ಕಲ್ಲೋ ಬಳಚೋ ಕಾಲು ಹೇಳಲಿ,
ಆಮೇಲೆ ಕೈ."

ನಾನು ಅಳತೆಯ ಪಕ್ಷದವನು. ಅದಕ್ಕೆ ಕಾರಣವುಂಟು.
ಮಂಗಲೆಗೆ ಹೆರಿಗೆಯ ಆಪರೇಶನ್ನು.
ಆಗ ನಾನು ಅಲ್ಲೇ ಸ್ಟ್ರೆಚರು ತಳ್ಳುವವನು,
ಬಾಗಿಲ ಸಂದಿಯಲ್ಲಿ ನಿಂತಿದ್ದೆ.
ಹೊಸ ಡಾಕ್ಟರು, ಎಳೆ ಮೀಸೆ,
ಅವಳ ಬೆನ್ನಿಗೆ ಸೂಜಿ ಐದು ಸಲ.
ಅಂದು ಸೆನ್ಸರು ಇರಲಿಲ್ಲ.
ಎಣಿಸಿದವನು ನಾನೊಬ್ಬನೇ,
ಮತ್ತೆ ಅವಳು, ಹಲ್ಲು ಕಚ್ಚಿ.
ಆ ಹುಡುಗನ ಕೈ ಎಷ್ಟು ಮೀಟರು ಅಲೆಯಿತೋ
ಎಲ್ಲೂ ಬರೆದಿಲ್ಲ.
ಬರೆದಿದ್ದರೆ ಅವನೂ ನೋಡುತ್ತಿದ್ದ.

ಹಾಗಾಗಿ ಕೆಂಪು ಚುಕ್ಕೆಯನ್ನು ಅಳಿಸಲಿಲ್ಲ.
ಪಕ್ಕದ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆದೆ:
ಇಲ್ಲಿ ಬೆರಳು ಕೇಳುತ್ತಿದೆ.
ಪೆಡ್ನೇಕರರು ಓದಿ ಕನ್ನಡಕ ಒರೆಸಿದರು,
ತಮ್ಮ ಹಳೆಯ ಗೆರೆ ತೆಗೆಸಿ ನೋಡಿದರು.
ಅಲ್ಲೂ ಅದೇ ಜಾಗ. ಒಂದೂವರೆ ಸೆಕೆಂಡು.
"ನನಗೇ ಗೊತ್ತಿರಲಿಲ್ಲ" ಎಂದರು.
ಅಂಕ ಮಾತ್ರ ಕೊಡಲಿಲ್ಲ. ನಿಯಮ.

ಮೋಡ ಹಾಕಿದರೆ ಮಂಗಲೆಯ ಬೆನ್ನು
ಈಗಲೂ ನೋಯುತ್ತದೆ.
ಸೂಜಿಯಿಂದಲ್ಲ ಅನ್ನುತ್ತಾರೆ ಡಾಕ್ಟರುಗಳು; ಇರಬಹುದು.
ರಾತ್ರಿ ಬಟ್ಟಲಲ್ಲಿ ಬಿಸಿ ಎಣ್ಣೆ.
ಮೂರನೇ ನಾಲ್ಕನೇ ಎಲುಬಿನ ನಡುವೆ
ಹೆಬ್ಬೆರಳಿಟ್ಟು ತಡೆದೆ.
"ಎಂತ ಎಣಿಸ್ತಾ ಕೂತದ್ದು ನೀವು?
ಎಣ್ಣೆ ಆರ್ತದೆ. ಹಚ್ಚಿ."